ಇವತ್ತು ಅಡಿಕೆ ಹರಡಬಹುದಾ?

ದಕ್ಷಿಣ ಕನ್ನಡದ ಸುಳ್ಯದ ಕಡೆ ಡಿಸೆಂಬರಿನ ಬೆಳಗ್ಗೆ ಎದುರು ಸಿಕ್ಕವರು "ಎಂಥ ಚಳಿ ಮಾರಾಯ್ರೆ!" ಎಂದರೆ ಅದನ್ನು ದೂರು ಎಂದು ತಿಳಿಯಬಾರದು. ಅದು ನೆಮ್ಮದಿಯ ಮಾತು. ರಾತ್ರಿ ಚಳಿ ಗಟ್ಟಿಯಾಗಿ ಬಿದ್ದಿದೆ ಎಂದರೆ ಆಕಾಶದಲ್ಲಿ ಮೋಡ ಇರಲಿಲ್ಲ. ಮೋಡ ಇರಲಿಲ್ಲ ಎಂದರೆ ಹತ್ತು ಗಂಟೆಗೆಲ್ಲ ಅಂಗಳಕ್ಕೆ ಚುರುಕು ಬಿಸಿಲು. ಹರಡಿಟ್ಟ ಅಡಿಕೆಗೆ ಇನ್ನೊಂದು ದಿನದ ಒಣಗು ಖಾತ್ರಿ. ಅದರ ಬದಲು ಯಾರಾದರೂ "ನಿನ್ನೆ ರಾತ್ರಿ ಯಾಕೋ ಸೆಕೆ, ಹೊದಿಕೆಯೇ ಬೇಡ ಅಂತಾಯ್ತು" ಎಂದರೆ ಅಲ್ಲಿದ್ದವರ ಮುಖವೇ ಬದಲಾಗುತ್ತದೆ. ಎಲ್ಲರ ಕಣ್ಣೂ ಒಮ್ಮೆ ಮೂಡುದಿಕ್ಕಿನ ಗುಡ್ಡದ ಕಡೆ ಹೋಗುತ್ತದೆ.

ಪಂಜ, ಬೆಳ್ಳಾರೆ, ಗುತ್ತಿಗಾರು, ಅರಂತೋಡು, ಮಂಡೆಕೋಲು, ಯಾವ ಊರಿಗೆ ಹೋದರೂ ಚಳಿಗಾಲದ ಈ ಮಾತು ಮೊದಲು ಹುಟ್ಟುವ ಜಾಗ ಹೆಚ್ಚುಕಡಿಮೆ ಒಂದೇ: ಹಾಲಿನ ಸೊಸೈಟಿಯ ಎದುರು. ಬೆಳಗ್ಗೆ ಆರೂವರೆ ಏಳರ ಹೊತ್ತು. ಹಾಲಿನ ಕ್ಯಾನು ಹಿಡಿದು ನಡೆದು ಬರುವವರು, ಬೈಕಿನಲ್ಲಿ ಬರುವವರು, ನಡುವೆ ಒಂದೆರಡು ಟಿಲ್ಲರು, ಒಂದು ಸಣ್ಣ ಟ್ರ್ಯಾಕ್ಟರು. ಟಿಲ್ಲರಿನವರು ಎಂಜಿನ್ ಬಂದ್ ಮಾಡುವುದಿಲ್ಲ. ಬದಿಗೆ ನಿಲ್ಲಿಸಿ, ಅದು ಡುಬುಡುಬು ಅನ್ನುತ್ತಿರುವಂತೆಯೇ ಮಾತಿಗೆ ನಿಲ್ಲುತ್ತಾರೆ. ತಲೆಗೆ ಮಫ್ಲರ್ ಸುತ್ತಿದವರೊಬ್ಬರು, "ಭಟ್ರೆ, ನಿಮ್ಮ ಹೊಂಡದಲ್ಲಿ ಇವತ್ತು ಮಂಜು ಜೋರಿತ್ತಾ?" ಎಂದು ಕೇಳುತ್ತಾರೆ. "ಒಂಬತ್ತರವರೆಗೆ ಬಿಡುವ ಅಂದಾಜಿಲ್ಲ ಗೌಡ್ರೆ. ನೀವು ಗೊಬ್ಬರ ತರುವುದಾದರೆ ಹತ್ತಕ್ಕೇ ಬನ್ನಿ, ದಾರಿಯ ಚಡವಿನಲ್ಲಿ ಚಕ್ರ ಜಾರುತ್ತದೆ." ಅಷ್ಟರಲ್ಲಿ ಇನ್ನೊಬ್ಬರು ತುಳುವಿನಲ್ಲಿ, "ಇನಿ ಬರ್ಸ ಬರ್ಪುಂಡಾ?" ಎನ್ನುತ್ತಾರೆ. ಹತ್ತಿರದಲ್ಲೇ ಒಬ್ಬರು ತಮ್ಮ ಸಂಬಂಧಿಕರ ಹತ್ತಿರ "ಮಳೆ ಬಕ್ಕೋ ಭಾವ?" ಎಂದು ಅದೇ ಪ್ರಶ್ನೆಯನ್ನು ಹವ್ಯಕದಲ್ಲಿ ಕೇಳುತ್ತಿರುತ್ತಾರೆ. ಅರೆಭಾಷೆ, ಬ್ಯಾರಿ, ಮಲಯಾಳ, ಯಾವುದರಲ್ಲಿ ಕೇಳಿದರೂ ಈ ತಿಂಗಳುಗಳಲ್ಲಿ ಊರಿನ ಪ್ರಶ್ನೆ ಒಂದೇ. ಇವತ್ತು ಅಡಿಕೆ ಹರಡಬಹುದಾ, ಬಾರದಾ?

ಬಯಲುಸೀಮೆಯವರ ಕಣ್ಣಿನ ಟ್ರ್ಯಾಕ್ಟರನ್ನು ಇಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಐವತ್ತು ಅಶ್ವಶಕ್ತಿಯ ದೊಡ್ಡ ಗಾಡಿಗೆ ಉಳಲು ಬಯಲಿಲ್ಲ, ಓಡಾಡಲು ದಾರಿ ಇಲ್ಲ. ಗುಡ್ಡದ ಬದಿ ಕೊರೆದು ಮಾಡಿದ ಮಣ್ಣುರಸ್ತೆ, ಅದರ ಕೊನೆಗೆ ಮನೆ, ಮನೆಯಿಂದ ಕೆಳಗೆ ತೋಟ, ತೋಟದ ಕೊನೆಗೆ ತೋಡು. ಇದು ಇಲ್ಲಿನ ಜಾಗದ ಸ್ವರೂಪ. ಅಡಿಕೆ ಮರದ ಎರಡು ಸಾಲಿನ ನಡುವೆ ಸಾಮಾನ್ಯವಾಗಿ ಒಂಬತ್ತಡಿ ಅಂತರ. ಆ ಅಂತರದಲ್ಲಿ ಬೇರಿಗೆ ಏಟಾಗದಂತೆ, ನೀರು ಬಸಿಯುವ ಕಪ್ಪಿಗೆ ಸಿಕ್ಕಿಬೀಳದಂತೆ ತಿರುಗಬೇಕು. ಹಾಗಾಗಿ ಇಲ್ಲಿಗೆ ಸರಿಹೊಂದಿದ್ದು ಹದಿಮೂರು ಅಶ್ವಶಕ್ತಿಯ ಟಿಲ್ಲರು. ಈಚೆಗೆ ಹದಿನೈದರಿಂದ ಇಪ್ಪತ್ತೇಳು ಅಶ್ವಶಕ್ತಿಯ ಮಿನಿ ಟ್ರ್ಯಾಕ್ಟರುಗಳೂ ಬಂದಿವೆ. ಇವುಗಳ ಒಡೆಯರು ದೊಡ್ಡ ಜಮೀನ್ದಾರರೇನೂ ಅಲ್ಲ. ಎರಡು ಮೂರು ಎಕರೆ ತೋಟ, ನಾಲ್ಕು ದನ, ಸೊಸೈಟಿಯ ಸಾಲ. ಸ್ವಂತ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ನೆರೆಮನೆಯವರ ಗೊಬ್ಬರ, ಸೊಪ್ಪು, ಅಡಿಕೆ, ಕೆಂಪುಕಲ್ಲು, ಜಾತ್ರೆಯ ಬಾಳೆಗೊನೆ, ಮದುವೆಯ ಚಪ್ಪರದ ಸಾಮಾನು ಎಲ್ಲವನ್ನೂ ಹೊತ್ತು ಕೊಡುವವರು.

ಟಿಲ್ಲರು ಈ ಊರಿಗೆ ಬಂದದ್ದು ಅಡಿಕೆಗಾಗಿ ಅಲ್ಲ, ಭತ್ತಕ್ಕಾಗಿ. ಬೆಂಗಳೂರಿನ ವಿಎಸ್‌ಟಿ ಸಂಸ್ಥೆ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ನೆರವಿನಿಂದ ಟಿಲ್ಲರಿನ ಕಾರ್ಖಾನೆಗೆ ಕೈಹಾಕಿತು. ಗಡಿಯಾಚೆ ಕೇರಳದಲ್ಲಿ 1973ರಲ್ಲಿ ಕ್ಯಾಮ್ಕೋ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿ, ಕುಬೋಟಾ ತಂತ್ರಜ್ಞಾನದ ಟಿಲ್ಲರು ತಯಾರಿಸತೊಡಗಿತು. ಎರಡೂ ಯಂತ್ರಗಳ ಉದ್ದೇಶ ಕೆಸರುಗದ್ದೆ. ಆಗ ಸುಳ್ಯ, ಪುತ್ತೂರಿನ ಕಣಿವೆಗಳ ತಳದಲ್ಲೆಲ್ಲ ಗದ್ದೆಗಳಿದ್ದವು. ಮಳೆಗಾಲಕ್ಕೆ ಏಣೆಲು, ಚಳಿಗಾಲಕ್ಕೆ ಸುಗ್ಗಿ, ನೀರಿದ್ದಲ್ಲಿ ಬೇಸಿಗೆಗೆ ಕೊಳಕೆ. ಏಣೆಲು ಕೊಯ್ದ ಕೂಡಲೇ ಸುಗ್ಗಿಯ ಉಳುಮೆ ಆಗಬೇಕಾದ ಕಾರಣ ಕಬ್ಬಿಣದ ಚಕ್ರ ತೊಟ್ಟ ಟಿಲ್ಲರಿಗೆ ಆ ದಿನಗಳಲ್ಲಿ ಪುರುಸೊತ್ತೇ ಇರಲಿಲ್ಲ. ಮುಂದೆ ಗದ್ದೆಗಳಿಗೆ ಮಣ್ಣು ಬಿತ್ತು, ಅಡಿಕೆ ಸಸಿ ಎದ್ದಿತು. ಉಳಲು ಬಂದ ಯಂತ್ರ ಹಿಂದೊಂದು ಟ್ರೈಲರ್ ಸಿಕ್ಕಿಸಿಕೊಂಡು ಹೊರೆ ಹೊರುವ ಯಂತ್ರವಾಯಿತು. ಗದ್ದೆಗಳಿದ್ದ ಕಾಲದಲ್ಲಿ ಚಳಿಗಾಲದ ಮಾತು ಅವುಗಳಲ್ಲಿ ನೀರು ನಿಂತೀತೇ ಎಂಬುದರ ಬಗ್ಗೆ ಇತ್ತು. ಈಗ ನೀರು ಬೀಳದಿರಲಿ ಎಂಬುದರ ಬಗ್ಗೆ.

ಚಳಿ ಟಿಲ್ಲರಿಗೂ ತಾಗುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಬಿಸಿಯಲ್ಲೇ ಡೀಸೆಲ್ ಉರಿಯಬೇಕು. ಗಾಡಿ ರಾತ್ರಿಯಿಡೀ ಕೊಟ್ಟಿಗೆಯ ಬದಿಯಲ್ಲಿ ನಿಂತು ಲೋಹವೆಲ್ಲ ತಣ್ಣಗಾಗಿದ್ದರೆ ಆ ಬಿಸಿಯ ಪಾಲು ಗೋಡೆಗೇ ಹೋಗುತ್ತದೆ. ಎಂಜಿನ್ ಆಯಿಲ್ ಕೂಡ ದಪ್ಪಗಾಗಿರುತ್ತದೆ. ಹ್ಯಾಂಡಲ್ ಹಾಕಿ ತಿರುಗಿಸುವ ಒಂಟಿ ಸಿಲಿಂಡರಿನ ಹಳೆ ಟಿಲ್ಲರುಗಳ ಒಡೆಯರು ಇದನ್ನು ತೋಳಿನಲ್ಲೇ ಬಲ್ಲರು. ಡಿಕಂಪ್ರೆಷನ್ ಲಿವರ್ ಒತ್ತಿ ನಾಲ್ಕಾರು ಸುತ್ತು ಹಗುರವಾಗಿ ತಿರುಗಿಸಿ, ವೇಗ ಬಂದ ಮೇಲೆ ಲಿವರ್ ಬಿಟ್ಟರೆ ಮೊದಲು ಬಿಳಿ ಹೊಗೆ, ಆಮೇಲೆ ಶಬ್ದ. ಸುಳ್ಯದ ಚಳಿ ಹದಿನೆಂಟು ಡಿಗ್ರಿಯ ಆಸುಪಾಸಿನದು, ಹೆಚ್ಚೆಂದರೆ ಇನ್ನೆರಡು ಕೆಳಗೆ. ಲಡಾಖಿನಲ್ಲಿ ಡೀಸೆಲ್ಲಿನ ಮೇಣವೇ ಹೆಪ್ಪುಗಟ್ಟುವ ಚಳಿಗೆ ಹೋಲಿಸಿದರೆ ಇದೇನೂ ಅಲ್ಲ. ಆದರೂ ಮೂರು ದಿನ ನಿಲ್ಲಿಸಿಟ್ಟ ಹಳೆ ಗಾಡಿ ನಾಲ್ಕನೆಯ ಬೆಳಗ್ಗೆ ಅರ್ಧ ಗಂಟೆ ಬೆವರಿಳಿಸುತ್ತದೆ. ಸೊಸೈಟಿಯ ಎದುರು ಎಂಜಿನ್ ಬಂದ್ ಮಾಡದಿರುವುದಕ್ಕೆ ಕಾರಣ ಇದೇ. ಎಂಜಿನ್ನಿನ ಬೆಚ್ಚಗಿನ ಮೂಲೆಗೆ ಸೇರಿಕೊಂಡ ಇಲಿ ವೈರು ಕತ್ತರಿಸಿದ ಕಥೆ, ಬ್ಯಾಟರಿ ಇಳಿದ ಕಥೆ, ಆಯಿಲ್ ಬದಲಿಸುವ ಕಾಲ, ಎಲ್ಲವೂ ಈ ಮಾತಿನೊಳಗೇ ಬಂದುಹೋಗುತ್ತವೆ.

ಇಷ್ಟಕ್ಕೂ ಬಿಸಿಲಿನ ಬಗ್ಗೆ ಇಷ್ಟು ಆತಂಕ ಯಾಕೆ ಎಂದು ಹೊರಗಿನವರಿಗೆ ಅನ್ನಿಸಬಹುದು. ಮಲೆನಾಡಿನ ಶಿರಸಿ, ಸಾಗರ, ತೀರ್ಥಹಳ್ಳಿಗಳಲ್ಲಿ ಎಳೆ ಅಡಿಕೆಯನ್ನು ಸುಲಿದು ಬೇಯಿಸಿ ಕೆಂಪಡಿಕೆ ಮಾಡುವವರಿದ್ದಾರೆ. ದಕ್ಷಿಣ ಕನ್ನಡದ್ದು ಚಾಲಿ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಹರಡಿ, ಸೂರ್ಯನ ಬಿಸಿಲೊಂದರಲ್ಲೇ ಒಣಗಿಸಬೇಕು. ಒಳ್ಳೆಯ ಬಿಸಿಲು ಸಿಕ್ಕರೆ 35ರಿಂದ 45 ದಿನ. ಆ ದಿನಗಳುದ್ದಕ್ಕೂ ಅಡಿಕೆಯ ನಡುವೆ ಕಾಲಿನಿಂದ ಸಾಲು ಎಳೆದು ಮಗುಚುತ್ತಿರಬೇಕು. ಕೈಯಲ್ಲಿ ಹಿಡಿದು ಕುಲುಕಿದರೆ ಸಿಪ್ಪೆಯೊಳಗೆ ಗೋಟು ಗೊಟಗೊಟ ಅನ್ನುವವರೆಗೆ ಕಾಯಬೇಕು. ಮೊದಲ ಕೊಯ್ಲು ನವೆಂಬರ್ ಕೊನೆಯ ಹೊತ್ತಿಗೆ, ಎರಡನೆಯದು ಜನವರಿಯಲ್ಲಿ, ಮೂರನೆಯದು ಮಾರ್ಚ್ ಒಳಗೆ. ಎಂದರೆ ಸುಳ್ಯದ ಚಳಿಗಾಲ ಪೂರ್ತಿ ಮನೆಯವರ ವರ್ಷದ ಆದಾಯ ಬಾಗಿಲ ಹೊರಗೆ, ಬಟ್ಟಬಯಲಲ್ಲಿ ಬಿದ್ದಿರುತ್ತದೆ. ಮಗಳ ಕಾಲೇಜು ಫೀಸು, ಅಪ್ಪನ ಔಷಧ, ಮದ್ದು ಬಿಡುವವರ ಸಂಬಳ, ಸೊಸೈಟಿಯ ಕಂತು ಎಲ್ಲ ಅಲ್ಲೇ ಒಣಗುತ್ತಿರುತ್ತದೆ.

ಆ ಅಂಗಳ ತಾನಾಗಿ ಸಿದ್ಧವಾಗುವುದಿಲ್ಲ. ಮಳೆಗಾಲದಲ್ಲಿ ಕಟ್ಟಿದ ಪಾಚಿ ಕೆರೆದು, ಮಣ್ಣು ಸಮ ಮಾಡಿ, ಪೆಟ್ಟುಹಾಕಿ ಗಟ್ಟಿಗೊಳಿಸಿ, ಸೆಗಣಿ ಸಾರಿಸಬೇಕು. ಸಿಮೆಂಟಿನ ಅಂಗಳ ಮಾಡಿಸಿಕೊಂಡವರಿಗೆ ಈ ಶ್ರಮ ಉಳಿಯಿತು. ಮಣ್ಣಂಗಳದವರಿಗೆ ದೀಪಾವಳಿ ಕಳೆದ ಮೇಲೆ ಬರುವ ಒಂದೇ ಮಳೆ ವಾರದ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಿಸುತ್ತದೆ.

ಒಂದು ಸಣ್ಣ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಐವತ್ತಡಿ ಉದ್ದ, ನಲವತ್ತಡಿ ಅಗಲದ ಸಾಧಾರಣ ಅಂಗಳವೆಂದರೆ ಸುಮಾರು 186 ಚದರ ಮೀಟರ್. ಜೂನ್ ತಿಂಗಳಲ್ಲಿ ಯಾರೂ ತಲೆಯೆತ್ತಿ ನೋಡದ ಹತ್ತು ಮಿಲಿಮೀಟರ್ ಮಳೆ ಜನವರಿಯಲ್ಲಿ ಈ ಅಂಗಳಕ್ಕೆ ಬಿದ್ದರೆ 1,860 ಲೀಟರ್ ನೀರು ಅಡಿಕೆಯ ನಡುವೆ ನಿಂತಂತೆ. ಅರ್ಧ ಒಣಗಿದ ಸಿಪ್ಪೆ ಆ ನೀರನ್ನು ಕುಡಿಯುತ್ತದೆ, ಒಳಗೆ ಬೂಷ್ಟು ಹಿಡಿಯುತ್ತದೆ, ಗೋಟಿನ ಬಿಳಿ ಬಣ್ಣ ಮಾಸುತ್ತದೆ. ಸುಲಿದಾಗ ಒಳ್ಳೆ ಚಾಲಿಯ ರಾಶಿಗೆ ಹೋಗಬೇಕಾದದ್ದು ಪಟೋರ, ಉಳ್ಳಿ, ಕರಿಗೋಟು ಎಂಬ ಕೆಳದರ್ಜೆಗಳಿಗೆ ಇಳಿಯುತ್ತದೆ. ಈಚಿನ ವರ್ಷಗಳಲ್ಲಿ ಒಳ್ಳೆ ಚಾಲಿಗೆ ಕಿಲೋಗೆ ನಾನೂರು ರೂಪಾಯಿ ದಾಟಿದ ಧಾರಣೆ ಇರುವಾಗ ಒಂದು ದರ್ಜೆ ಇಳಿಯುವುದೆಂದರೆ ಮನೆಯ ಲೆಕ್ಕಪುಸ್ತಕದಲ್ಲಿ ಕಾಣುವಷ್ಟು ನಷ್ಟ.

ಟಿಲ್ಲರಿನವರು ಊರಿನ ಹವಾಮಾನದ ಮಾತುಗಾರರಾಗುವುದು ಇಲ್ಲಿಂದ. ತೋಟದಿಂದ ಅಡಿಕೆ ಗೊನೆ ಅಂಗಳಕ್ಕೆ ಬರುವುದು ಅವರ ಟ್ರೈಲರಿನಲ್ಲಿ. ಯಾರ ಮನೆಯಲ್ಲಿ ಎರಡನೆಯ ಕೊಯ್ಲು ಆಯಿತು, ಯಾರದ್ದು ಇನ್ನೂ ಮೊದಲನೆಯದೇ ಒಣಗಿಲ್ಲ, ಯಾರ ಟರ್ಪಾಲು ಹರಿದಿದೆ, ಯಾವ ಮನೆಯಲ್ಲಿ ವಯಸ್ಸಾದ ಇಬ್ಬರೇ ಇದ್ದಾರೆ ಎಂಬುದೆಲ್ಲ ಅವರಿಗೆ ಗೊತ್ತು. ದೋಟಿಯಲ್ಲಿ ಗೊನೆ ಇಳಿಸುವ ಜನ ಯಾವತ್ತು ಯಾರ ತೋಟಕ್ಕೆ ಎಂಬುದೂ ಗೊತ್ತು. ಮೋಡ ಕಂಡ ದಿನ ಕೊಯ್ಲು ಮುಂದಕ್ಕೆ ಹೋದರೆ ಟಿಲ್ಲರಿನ ವಾರದ ಲೆಕ್ಕವೆಲ್ಲ ತಲೆಕೆಳಗು. ಹಾಗಾಗಿ ಆಕಾಶ ನೋಡುವುದು ಅವರ ಕಸುಬಿನ ಭಾಗ. ಮಧ್ಯಾಹ್ನ ಮೂರಕ್ಕೆ ದಿಢೀರನೆ ಕಪ್ಪಿಟ್ಟರೆ ಟಿಲ್ಲರನ್ನು ದಾರಿಯಲ್ಲೇ ನಿಲ್ಲಿಸಿ, ಹತ್ತಿರದ ಯಾರದೋ ಅಂಗಳಕ್ಕೆ ಓಡಿ ಅಡಿಕೆ ರಾಶಿ ಮಾಡಿ ಟರ್ಪಾಲಿನ ಮೂಲೆ ಹಿಡಿಯುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅದಕ್ಕೆ ಯಾರೂ ಕೂಲಿ ಕೊಡುವುದಿಲ್ಲ, ಯಾರೂ ಕೇಳುವುದಿಲ್ಲ. ಮನೆಯವರು ಪೇಟೆಗೆ ಹೋಗಿದ್ದರೆ ಸಂಜೆ ಬಂದು ನೋಡುವಾಗ ಅಡಿಕೆ ಮುಚ್ಚಿರುತ್ತದೆ. ಯಾರು ಮುಚ್ಚಿದ್ದೆಂದು ಮರುದಿನ ಸೊಸೈಟಿಯಲ್ಲಿ ತಿಳಿಯುತ್ತದೆ.

ಇವರು ನಂಬುವ ಗುರುತುಗಳಲ್ಲಿ ಹೆಚ್ಚಿನವಕ್ಕೆ ಗಟ್ಟಿಯಾದ ಕಾರಣ ಉಂಟು. ಚಳಿಯನ್ನೇ ತೆಗೆದುಕೊಳ್ಳಿ. ಹಗಲು ಕಾದ ನೆಲ ರಾತ್ರಿ ತನ್ನ ಬಿಸಿಯನ್ನು ಆಕಾಶಕ್ಕೆ ಬಿಡುತ್ತದೆ. ಮೇಲೆ ಮೋಡವಿದ್ದರೆ ಆ ಬಿಸಿಯ ಪಾಲು ಮರಳಿ ಬರುತ್ತದೆ, ಇಲ್ಲದಿದ್ದರೆ ಹೊರಟೇ ಹೋಗುತ್ತದೆ. ತಣ್ಣಗಾದ ಗಾಳಿ ಭಾರ. ಅದು ಗುಡ್ಡದ ಇಳಿಜಾರಿನಲ್ಲಿ ಜಾರಿ ತೋಡಿನ ಬದಿಯ ಹೊಂಡದಲ್ಲಿ ಸೇರುತ್ತದೆ. ಅದಕ್ಕೇ ಪಯಸ್ವಿನಿ ಹೊಳೆಯ ದಡದ ತಗ್ಗಿನ ಮನೆಯಲ್ಲಿ ದಪ್ಪ ಹೊದಿಕೆ ಬೇಕಾದ ರಾತ್ರಿ ಅದೇ ಊರಿನ ಗುಡ್ಡದ ಮೇಲಿನ ಮನೆಯಲ್ಲಿ ತೆಳು ಹೊದಿಕೆ ಸಾಕಾಗುತ್ತದೆ. ಬೆಳಗ್ಗಿನ ಮಂಜೂ ಆ ಹೊಂಡಗಳಲ್ಲೇ. ಮೇಲಿನ ಮನೆಯವರು ಎಂಟು ಗಂಟೆಗೆ ಬಿಸಿಲು ಕಾಯಿಸುತ್ತ ಕೆಳಗೆ ನೋಡಿದರೆ ಅಡಿಕೆ ಮರದ ತುದಿಗಳಷ್ಟೇ ಕಾಣುತ್ತವೆ. "ನಿಮ್ಮಲ್ಲಿ ಎಷ್ಟು ಚಳಿ?" ಎಂದು ಒಬ್ಬರನ್ನೊಬ್ಬರು ಕೇಳುವುದರಲ್ಲಿ ಅರ್ಥ ಇರುವುದು ಇದಕ್ಕಾಗಿ. ಅರ್ಧ ಮೈಲು ದೂರದಲ್ಲಿ ಉತ್ತರ ನಿಜವಾಗಿಯೂ ಬೇರೆ.

ಗಾಳಿಯ ಗುರುತೂ ಹಾಗೆಯೇ. ಧನುರ್ಮಾಸ, ತುಳುವರ ಪೆರಾರ್ದೆ ತಿಂಗಳಲ್ಲಿ, ದೇವಸ್ಥಾನದ ಧನುಪೂಜೆಗೆ ನಸುಕಿನಲ್ಲಿ ಹೊರಟವರ ಬೆನ್ನಿಗೆ ಒಣ ಮೂಡಗಾಳಿ ತಾಗಿದರೆ ಆ ದಿನ ಚಿಂತೆಯಿಲ್ಲ. ಘಟ್ಟ ದಾಟಿ ಇಳಿಯುವಾಗ ಆ ಗಾಳಿ ಇನ್ನಷ್ಟು ಒಣಗಿರುತ್ತದೆ. ತುಟಿ ಒಡೆಯುತ್ತದೆ, ಅಡಿಕೆ ಬೇಗ ಒಣಗುತ್ತದೆ. ಮುಗಿಲಿಲ್ಲದ ಬೆಳಗ್ಗೆ 1,712 ಮೀಟರ್ ಎತ್ತರದ ಕುಮಾರಪರ್ವತದ ನೆತ್ತಿ ಚೊಕ್ಕವಾಗಿ ಕಾಣಬೇಕು. ಕಾಣಬೇಕಾದ ದಿನ ಕಾಣದೆ ಹೋದರೆ, ಬಂಟಮಲೆಯ ತಲೆಯ ಮೇಲೆ ಮಧ್ಯಾಹ್ನಕ್ಕೆ ಮೋಡ ಕೂತರೆ, ರಾತ್ರಿ ಚಂದ್ರನ ಸುತ್ತ ಬಳೆ ಕಟ್ಟಿದರೆ, ಟರ್ಪಾಲನ್ನು ಅಟ್ಟದಿಂದ ಇಳಿಸಿ ಜಗಲಿಗೆ ತರುವುದು ಒಳ್ಳೆಯದು. ಚಂದ್ರನ ಬಳೆ ಎತ್ತರದ ತೆಳು ಮೋಡದ ಹಿಮದ ಕಣಗಳಿಂದ ಆಗುವುದು. ಅಂಥ ಮೋಡ ಅನೇಕ ಸಲ ದೂರದ ವಾಯುಭಾರ ಕುಸಿತದ ಮುನ್ನೋಟವೇ ಆಗಿರುತ್ತದೆ. ಕುಕ್ಕೆಯ ಷಷ್ಠಿಯ ಹೊತ್ತಿಗೆ ಒಂದು ಮಳೆ ಬಂದೇ ಬರುತ್ತದೆ ಎಂಬ ಮಾತಿಗೂ ಇಂಥದೇ ಆಧಾರ. ಚಂಪಾಷಷ್ಠಿ ಬರುವುದು ನವೆಂಬರ್ ಕೊನೆ, ಡಿಸೆಂಬರಿನ ಹೊತ್ತಿಗೆ. ಬಂಗಾಳ ಕೊಲ್ಲಿಯ ಹಿಂಗಾರು ಇನ್ನೂ ಜೀವಂತವಿರುವ ಕಾಲ ಅದು.

ಆ ಕೊಲ್ಲಿಯೇ ಸುಳ್ಯದ ಚಳಿಗಾಲದ ಮುಖ್ಯ ವಿಷಯ. ಅರಬ್ಬಿ ಸಮುದ್ರ ಇಲ್ಲಿಂದ ಮೂರು ತಾಸಿನ ದಾರಿಯೂ ಅಲ್ಲ. ಆದರೂ ಡಿಸೆಂಬರಿನಲ್ಲಿ ಜನ ಕೇಳುವುದು ಚೆನ್ನೈಯ ಸುದ್ದಿ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿಯ ಹತ್ತಿರ ದಡ ಹತ್ತಿತು. ಅಲ್ಲಿಂದ ನಿಧಾನವಾಗಿ ಬಲ ಕಳೆದುಕೊಳ್ಳುತ್ತ ಪಶ್ಚಿಮಕ್ಕೆ ಸರಿದು, ಘಟ್ಟ ದಾಟಿ ಅರಬ್ಬಿ ಸಮುದ್ರದ ಕಡೆ ಬಂತು. ಡಿಸೆಂಬರ್ 2, 3ರಂದು ದಕ್ಷಿಣ ಕನ್ನಡದಲ್ಲಿ ಮಳೆಗಾಲದಂಥ ಮಳೆ. 3ರಂದು ಜಿಲ್ಲೆಯ ಶಾಲೆಗಳಿಗೆ ರಜೆ. ಮೊದಲ ಕೊಯ್ಲಿನ ಅಡಿಕೆ ಅಂಗಳದಲ್ಲಿದ್ದ ಹೊತ್ತು. ಅದಕ್ಕೂ ಮೊದಲು 2021ರ ಜನವರಿಯ ಮೊದಲ ವಾರದಲ್ಲಿ ಸುರಿದ ಮಳೆಯನ್ನು ಇಲ್ಲಿನ ಯಾವ ಕೃಷಿಕರೂ ಮರೆತಿಲ್ಲ. ಮಳೆಯ ಭಯವೇ ಇರದ ತಿಂಗಳೆಂದು ನಂಬಿದ್ದ ಜನವರಿಯಲ್ಲಿ ಅಡಿಕೆ ತೇಲಿಹೋಗುವ ಮಳೆ ಬಂದ ಮೇಲೆ ಟರ್ಪಾಲನ್ನು ಮಡಚಿಡುವ ದಿನವೇ ಇಲ್ಲವಾಯಿತು. ಅಂದಿನಿಂದ ಹಾಲಿನ ಸೊಸೈಟಿಯಲ್ಲಿ "ತಮಿಳುನಾಡಿನಲ್ಲಿ ಏನೋ ಎದ್ದಿದೆಯಂತೆ" ಎಂಬ ಮಾತಿಗೆ ಇರುವ ಗಾಂಭೀರ್ಯ ಹೆಚ್ಚಿದೆ.

ಈ ಮಾತುಕತೆ ಬರಿಯ ಅಂದಾಜಿನ ಮೇಲೆ ನಿಂತಿಲ್ಲ ಎಂಬುದು ಈ ತಾಲೂಕಿನ ಬಗ್ಗೆ ನನಗೆ ಅತ್ಯಂತ ಹೆಮ್ಮೆಯ ಸಂಗತಿ. ಬಾಳಿಲದ ಕೃಷಿಕ ಪಿ.ಜಿ.ಎಸ್‌.ಎನ್‌. ಪ್ರಸಾದರು 1976ರಿಂದ ತಮ್ಮ ಮನೆಯಂಗಳದ ಮಳೆಯನ್ನು ದಿನವೂ ಅಳೆದು ಬರೆದಿಟ್ಟಿದ್ದಾರೆ. ಹೆಚ್ಚುಕಡಿಮೆ ಅರ್ಧ ಶತಮಾನ. ಯಾರ ಸಂಬಳವೂ ಇಲ್ಲದೆ, ಆಷಾಢದ ಜಡಿಮಳೆಯಲ್ಲೂ, ಮನೆಯ ಸಮಾರಂಭದ ದಿನವೂ, ಅಳತೆ ತಪ್ಪಿಸದೆ. ಪಂಜದ ಬಳಿಯ ಕರಿಕಳದ ಸಾಯಿಶೇಖರ್ ಉಪಗ್ರಹದ ಚಿತ್ರ, ಗಾಳಿಯ ನಕ್ಷೆ ನೋಡಿ ಕರಾವಳಿ ಮತ್ತು ಮಲೆನಾಡಿಗೆ ದಿನದಿನದ ಮುನ್ಸೂಚನೆ ಬರೆಯುತ್ತಾರೆ. ಅದು ಮೊಬೈಲಿನಿಂದ ಮೊಬೈಲಿಗೆ ಹಬ್ಬಿ ಬೆಳಗ್ಗೆ ಚಹಾದ ಹೊತ್ತಿಗೆ ಟಿಲ್ಲರಿನವರ ಕೈಯಲ್ಲಿರುತ್ತದೆ. ಇವರಿಂದ ಉತ್ತೇಜನಗೊಂಡು ಮಳೆಮಾಪಕ ಇಟ್ಟುಕೊಂಡ ಮನೆಗಳು ಈಗ ಊರೂರಿನಲ್ಲಿವೆ. ಬೆಳಗಾದರೆ "ನಮ್ಮಲ್ಲಿ ನಾಲ್ಕು, ನಿಮ್ಮಲ್ಲಿ?" ಎಂಬ ವಿನಿಮಯ. ಮಿಲಿಮೀಟರ್ ಎಂಬ ಪದವನ್ನು ಯಾರೂ ಸೇರಿಸುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಅಳತೆ.

1875ರಲ್ಲಿ ಶುರುವಾದ ಭಾರತೀಯ ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಗ್ಗೆ ಎಂಟೂವರೆಗೆ ಅಳೆಯುತ್ತದೆ. ಹಿಂದಿನ ದಿನ ಎಂಟೂವರೆಯಿಂದ ಇಂದಿನ ಎಂಟೂವರೆವರೆಗಿನದು ಇವತ್ತಿನ ಮಳೆ. ಮನೆಯಲ್ಲಿ ಅಳೆಯುವವರೂ ಇದೇ ಹೊತ್ತನ್ನು ಪಾಲಿಸಿದರೆ ಲೆಕ್ಕ ಹೊಂದಿಸಿ ನೋಡಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿಗಳಲ್ಲಿ ತಾನಾಗಿ ಅಳೆದು ಕಳಿಸುವ ಮಾಪಕಗಳನ್ನು ಇಟ್ಟಿದೆ. ಅದರ 'ವರುಣ ಮಿತ್ರ' ಸಹಾಯವಾಣಿಗೆ ಫೋನು ಮಾಡಿದರೆ ಹಗಲು ರಾತ್ರಿ ಮುನ್ಸೂಚನೆ ಸಿಗುತ್ತದೆ. ಅಡಿಕೆ ಮತ್ತು ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ನಿರ್ಧಾರವಾಗುವುದೂ ಪಂಚಾಯತಿ ಮಟ್ಟದ ಅಳತೆಯ ಮೇಲೆ. ತೋಟಕ್ಕೆ ಬಂದು ನಷ್ಟ ನೋಡಿ ಕೊಡುವ ವಿಮೆ ಅಲ್ಲ ಇದು. ಆದ್ದರಿಂದ ಆ ಮಾಪಕದ ಮೇಲೆ ಮರದ ಗೆಲ್ಲು ಬಾಗಿದೆಯೇ, ಅದು ಕೆಲಸ ಮಾಡುತ್ತಿದೆಯೇ ಎಂಬುದು ನೂರಾರು ಮನೆಗಳ ಪ್ರಶ್ನೆ. ಮನೆಮನೆಯ ಮಳೆಪುಸ್ತಕಕ್ಕೆ ಸರ್ಕಾರಿ ಮಾನ್ಯತೆ ಇಲ್ಲದಿರಬಹುದು. ಆದರೆ ಅಧಿಕಾರಿಗಳ ಎದುರು ಕೂತು "ಆ ದಿನ ನಮ್ಮಲ್ಲಿ ಇಷ್ಟು ಬಂದಿತ್ತು" ಎಂದು ಹೇಳಲು ಕೃಷಿಕರ ಕೈಯಲ್ಲಿರುವ ಆಧಾರ ಅದೊಂದೇ. ಅದನ್ನು ಕಾಪಾಡಿಕೊಳ್ಳಬೇಕು.

ಅಂಗಳದ ಅಡಿಕೆಯ ಮಾತು ಮುಗಿದ ಮೇಲೆ ಉಳಿದ ಬೆಳೆಗಳು ಬರುತ್ತವೆ. ಚಿಗುರಿ ಹೂಬಿಡುವ ಗೇರಿಗೆ ಮೋಡ ಕವಿದ ವಾತಾವರಣ ಬೇಡವೇ ಬೇಡ, ಚಿಗುರಿನ ರಸ ಹೀರುವ ಟಿ-ಸೊಳ್ಳೆಗೆ ಅದು ಹಬ್ಬ. ಅಡಿಕೆ ಮರದಲ್ಲಿ ಅರಳುತ್ತಿರುವ ಹಿಂಗಾರಕ್ಕೂ ಅಕಾಲದ ಮಳೆ ಕೇಡು, ಹಿಂಗಾರ ಒಣಗಿ ನಳ್ಳಿ ಉದುರುತ್ತದೆ. ರಬ್ಬರಿನವರಂತೂ ಚಳಿಯನ್ನು ಮನಸಾರೆ ಹೊಗಳುತ್ತಾರೆ. ನಸುಕಿನ ತಂಪಿನಲ್ಲಿ ಹಾಲು ಹೆಚ್ಚು ಹೊತ್ತು ತೊಟ್ಟಿಕ್ಕುತ್ತದೆ, ಎಲೆ ಉದುರುವ ಮುನ್ನ ಸಿಗುವ ಒಳ್ಳೆ ದಿನಗಳು ಇವೇ. ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಸಿದ ತಮಿಳು ಕುಟುಂಬಗಳು ಟಾರ್ಚು ಕಟ್ಟಿಕೊಂಡು ಮರದಿಂದ ಮರಕ್ಕೆ ಹೋಗುವುದೂ ಈ ಚಳಿಯಲ್ಲೇ. ತೋಡಿಗೆ ಕಲ್ಲು ಮಣ್ಣಿನ ಕಟ್ಟ ಕಟ್ಟುವ ಕಾಲವೂ ಇದು. ಊರವರು ಕೂಡಿ ಕಟ್ಟಿದ ಕಟ್ಟದಿಂದ ಬೇಸಿಗೆಯಲ್ಲಿ ಸುತ್ತಲಿನ ಬಾವಿಗಳ ನೀರು ಉಳಿಯುತ್ತದೆ. ಪುತ್ತೂರಿನಿಂದ 1988ರಿಂದ ಹೊರಡುತ್ತಿರುವ 'ಅಡಿಕೆ ಪತ್ರಿಕೆ' ಈ ಕಟ್ಟಗಳ ಬಗ್ಗೆ ಮತ್ತೆ ಮತ್ತೆ ಬರೆದು, ಕಟ್ಟುವುದನ್ನು ಬಿಟ್ಟವರನ್ನೂ ಹಿಂದಕ್ಕೆ ಕರೆದಿದೆ. ಆ ಕಟ್ಟಕ್ಕೆ ಮಣ್ಣು, ಕಲ್ಲು ತಂದು ಸುರಿಯುವುದೂ ಟಿಲ್ಲರೇ.

ಬಿಸಿಲುಮನೆಗಳು ಬಂದು ಅಡಿಕೆ ನೆನೆಯುವ ಆತಂಕ ಸ್ವಲ್ಪ ಕಡಿಮೆಯಾಗಿದೆ. ಕಬ್ಬಿಣದ ಕಮಾನಿಗೆ ಪಾರದರ್ಶಕ ಹಾಳೆ ಹೊದಿಸಿದ ಸೋಲಾರ್ ಡ್ರೈಯರಿನಲ್ಲಿ ಹರಡಿದ ಅಡಿಕೆಗೆ ಇಬ್ಬನಿ ಇಲ್ಲ, ಮಳೆ ಇಲ್ಲ. ಬೇಗ ಒಣಗುತ್ತದೆ, ರಾತ್ರಿ ಎದ್ದು ಓಡುವ ಕೆಲಸವಿಲ್ಲ. ವಯಸ್ಸಾದವರಿಬ್ಬರೇ ಇರುವ ಮನೆಗೆ ಅದು ನಿಜವಾದ ಉಪಕಾರ. ಸಹಾಯಧನ ಸಿಕ್ಕಿದರೂ ಸಿಗದಿದ್ದರೂ ಸಾಧ್ಯವಿದ್ದವರು ಮಾಡಿಸಿಕೊಳ್ಳಲಿ ಎಂದೇ ನನ್ನ ಅಭಿಪ್ರಾಯ. ಆದರೆ ಪೂರ್ತಿ ಬೆಳೆಯನ್ನು ಒಳಗೆ ಹರಡುವಷ್ಟು ದೊಡ್ಡದು ಹೆಚ್ಚಿನವರಿಗೆ ಎಟಕುವುದಿಲ್ಲ. ಅಲ್ಲದೆ ಸಂಪಾಜೆ, ಅರಂತೋಡಿನ ಕಡೆ ಹಳದಿ ಎಲೆ ರೋಗ ತೋಟಗಳನ್ನೇ ಬೋಳು ಮಾಡಿದೆ. ಅಲ್ಲಿನ ಟಿಲ್ಲರಿನವರ ಹೊರೆಯಲ್ಲಿ ಅಡಿಕೆ ಗೊನೆ ಕಡಿಮೆಯಾಗಿ ರಬ್ಬರ್ ಶೀಟು, ತಾಳೆಯ ಸಸಿ, ಕಾಫಿ ಗಿಡ ಹೆಚ್ಚಾಗಿವೆ. ಎಲೆಚುಕ್ಕಿ ರೋಗದ ಭಯ ಇನ್ನೊಂದು ಕಡೆ. ಹೀಗೆ ಎಲ್ಲರೂ ಒಂದೇ ಆಕಾಶವನ್ನು ನೋಡುತ್ತಿದ್ದರೂ ಒಬ್ಬೊಬ್ಬರಿಗೆ ಅದರಿಂದ ಬೇಕಾದದ್ದು ಬೇರೆಬೇರೆಯಾಗುತ್ತಿದೆ.

ಸೊಸೈಟಿಯ ಎದುರಿನ ಒಂದು ಮಾತು ಮಾತ್ರ ನನ್ನನ್ನು ಹಲವು ವರ್ಷಗಳಿಂದ ಕಾಡುತ್ತಿದೆ. "ಮೊದಲಿನ ಚಳಿ ಈಗೆಲ್ಲಿ ಉಂಟು? ನಾವು ಶಾಲೆಗೆ ಹೋಗುವಾಗ ಹಲ್ಲು ಕಟಕಟ ಅನ್ನುತ್ತಿತ್ತು" ಎಂದು ಎಪ್ಪತ್ತು ದಾಟಿದ ರೈಗಳು ಹೇಳುತ್ತಾರೆ. ಇದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ಅವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಆಗ ಮನೆಗೆ ಹುಲ್ಲಿನ ಮಾಡು, ಮೈಗೆ ಒಂದೇ ಅಂಗಿ, ಸುತ್ತ ಗದ್ದೆಯ ಬಯಲು. ಇವೂ ಚಳಿಯನ್ನು ಹೆಚ್ಚಿಸಿರಬಹುದು. ಗಾಳಿಯೇ ಬೆಚ್ಚಗಾಗಿರಲೂಬಹುದು. ಯಾವುದು ಎಷ್ಟು ಎಂದು ಹೇಳುವುದು ಹೇಗೆ? ಮಳೆಯ ಬಗ್ಗೆ ಈ ಪ್ರಶ್ನೆ ಬಂದರೆ ಪ್ರಸಾದರ ಪುಸ್ತಕ ತೆರೆದು ನೋಡಬಹುದು. ಚಳಿಗೆ ಅಂಥ ಪುಸ್ತಕ ಇಟ್ಟ ಮನೆ ಅಪರೂಪ. ಹಿಂಗಾರ ಒಡೆಯುವ ಹೊತ್ತು, ಗೇರು ಹೂಬಿಡುವುದು, ಹಲಸು ಕಾಯಿ ಕಚ್ಚುವುದು, ಮಂಜಿನಿಂದ ಬರುವ ಕಾಯಿಲೆ ಎಲ್ಲಕ್ಕೂ ರಾತ್ರಿಯ ತಾಪಮಾನದ ಸಂಬಂಧವಿದ್ದೂ ಅದನ್ನು ನಾವು ನೆನಪಿಗೆ ಬಿಟ್ಟಿದ್ದೇವೆ.

ಇದನ್ನು ಸರಿಮಾಡುವುದು ಕಷ್ಟವಲ್ಲ. ಗರಿಷ್ಠ-ಕನಿಷ್ಠ ಉಷ್ಣಮಾಪಕವೊಂದು ಟಿಲ್ಲರಿನ ಒಂದು ಸಲದ ಆಯಿಲ್ ಬದಲಾವಣೆಯ ಖರ್ಚಿನೊಳಗೇ ಬರುತ್ತದೆ. ರಾತ್ರಿ ಎಷ್ಟಕ್ಕೆ ಇಳಿದಿತ್ತು, ಹಗಲು ಎಷ್ಟಕ್ಕೆ ಏರಿತ್ತು ಎಂಬುದನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಬಿಸಿಲು ನೇರ ಬೀಳಬಾರದು, ಮಳೆ ತಾಗಬಾರದು, ಗಾಳಿ ಆಡಬೇಕು, ನೆಲದಿಂದ ನಾಲ್ಕಡಿ ಎತ್ತರದಲ್ಲಿರಬೇಕು, ಕಾದ ಗೋಡೆಗೆ ತಾಗಿಸಿ ತೂಗುಹಾಕಬಾರದು. ಹವಾಮಾನ ಕೇಂದ್ರಗಳಲ್ಲಿ ಕಾಣುವ ಬಿಳಿ ಬಣ್ಣದ, ಪಟ್ಟಿ ಪಟ್ಟಿಯ ಪೆಟ್ಟಿಗೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದವರು ಸ್ಕಾಟ್ಲೆಂಡಿನ ದೀಪಸ್ತಂಭ ಎಂಜಿನಿಯರ್ ಥಾಮಸ್ ಸ್ಟೀವನ್ಸನ್, ಕಾದಂಬರಿಕಾರ ಆರ್‌.ಎಲ್‌. ಸ್ಟೀವನ್ಸನ್ನರ ತಂದೆ. ಅಂಥ ಪೆಟ್ಟಿಗೆಯನ್ನು ಊರಿನ ಬಡಗಿ ಎರಡು ದಿನದಲ್ಲಿ ಮಾಡಿಕೊಟ್ಟಾನು.

ಅದನ್ನು ಇಡಲು ಹಾಲಿನ ಸೊಸೈಟಿಗಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ವರ್ಷದ ಎಲ್ಲ ದಿನವೂ ಬೆಳಗ್ಗೆ ಬಾಗಿಲು ತೆರೆಯುವ ಜಾಗ ಅದು. ಲೀಟರು, ಕೊಬ್ಬಿನಂಶ ಬರೆಯುವ ಪುಸ್ತಕ ಮೇಜಿನ ಮೇಲೆ ಹೇಗೂ ಇರುತ್ತದೆ, ಅದರ ಅಂಚಿನಲ್ಲಿ ಇನ್ನೊಂದು ಕಾಲಂ ಸಾಕು. ಓದಿ ಹೇಳಲು ಟಿಲ್ಲರಿನವರು ಎದುರಿಗೇ ನಿಂತಿರುತ್ತಾರೆ. ತಗ್ಗಿನ ಸೊಸೈಟಿಯೊಂದು, ಗುಡ್ಡದ ಮೇಲಿನದೊಂದು, ಘಟ್ಟದ ಬುಡದ ಕೊಲ್ಲಮೊಗ್ರುವಿನ ಕಡೆಯದೊಂದು, ಹೀಗೆ ಮೂರು ನಾಲ್ಕು ಜಾಗದಲ್ಲಿ ಈ ಪೆರಾರ್ದೆಯಿಂದಲೇ ಬರೆಯತೊಡಗಿದರೆ ಮುಂದಿನ ಚಳಿಗೆ ಹೋಲಿಸಲು ಒಂದು ಪುಟ ಸಿಗುತ್ತದೆ. ಇದಕ್ಕೆ ಯಾರ ಅನುಮತಿಯೂ ಬೇಡ, ಯಾವ ಯೋಜನೆಯೂ ಬರಬೇಕಾಗಿಲ್ಲ. ಮಾಪಕ ತರುವವರೊಬ್ಬರು ಮುಂದೆ ಬಂದರೆ ಪೆಟ್ಟಿಗೆಗೆ ಬೇಕಾದ ಮರವನ್ನು ಮಿಲ್ಲಿನಿಂದ ತರಲು ಟ್ರೈಲರು ಸಿದ್ಧವಿದೆ ಎಂದು ನಮ್ಮ ಗೌಡ್ರು ಆಗಲೇ ಹೇಳಿಯಾಗಿದೆ. ಮಳೆ ಇಲ್ಲದ ದಿನ ನೋಡಿ ಹೊರಡಬೇಕು, ಅಷ್ಟೇ.